ಅಮ್ಮನ ಸ್ಯಾಂಪಲ್

ನಮ್ಮ ಲ್ಯಾಬಿನಲ್ಲಿ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಒಂದಿದೆ. ಬಟ್ಟೆ ಬೀರುವಿನಷ್ಟು ಎತ್ತರ, ಬಾಗಿಲು ತೆಗೆದರೆ ಬಿಳಿ ಹೊಗೆ. ಅದರ ಮೂರನೆಯ ಖಾನೆಯ ರಟ್ಟಿನ ಡಬ್ಬಿಯಲ್ಲಿ ನನ್ನ ಅಮ್ಮ ಏಳು ತಿಂಗಳು ಇದ್ದಳು. ಹೀಗೆ ಹೇಳಿದರೆ ಕೇಳಿದವರು ಮುಖ ಸಿಂಡರಿಸುತ್ತಾರೆ, ಅದಕ್ಕೇ ಯಾರಿಗೂ ಹೇಳುವುದಿಲ್ಲ. ಇದ್ದದ್ದು ಅಮ್ಮನ ಮೂಗು, ಗಂಟಲನ್ನು ಕಡ್ಡಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್ಲಿನ ಒಂದು ಪಾಲು. ಅರ್ಧ ಚಮಚೆಯೂ ಆಗದಷ್ಟು ಗುಲಾಬಿ ಬಣ್ಣದ ನೀರು. ಟ್ಯೂಬಿನ ಮುಚ್ಚಳದ ಮೇಲೆ ನಂಬರು ಮಾತ್ರ. ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಸೇಲಂನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹನ್ನೆರಡು ವರ್ಷವಾಯಿತು. ಮನೆಯಲ್ಲಿ ರೇಷ್ಮೆ ಪಂಚೆ ನೇಯುತ್ತಾರೆ, ಅಂದರೆ ಅಪ್ಪ ಮತ್ತು ಅಮ್ಮ ನೇಯುತ್ತಿದ್ದರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಲ್ಯಾಬಿನ ಕಾಗದದಲ್ಲಿ ಇಂಗ್ಲಿಷು. ಕನ್ನಡ ಅಕ್ಷರ ನಾನು ಶಾಲೆಯಲ್ಲಿ ಕಲಿತದ್ದಲ್ಲ. ಪಂಚೆಯ ಅಂಚಿನ ಡಿಸೈನು ಬರೆದು ಉಳಿದ ಚೌಕುಳಿ ಕಾಗದದ ಮೇಲೆ ಅಮ್ಮ ಕಲಿಸಿದ್ದು, ಒಂದು ಚೌಕಕ್ಕೆ ಒಂದು ಅಕ್ಷರ. ಆ ಅಭ್ಯಾಸದಿಂದ ನನ್ನ ಕೈಬರಹ ಇವತ್ತಿಗೂ ಬೆರಳುಗುರಿನಷ್ಟು ಜಾಗದಲ್ಲಿ ನಂಬರು ಬರೆಯಲು ಹೇಳಿ ಮಾಡಿಸಿದ ಹಾಗಿದೆ. ನಾನು ಒಬ್ಬಳೇ ಮಗಳು. ಮದುವೆಯಾಗಿ, ಅದು ನಿಲ್ಲದೆ, ತವರಿಗೆ ವಾಪಸು ಬಂದವಳು. ಆ ಕಥೆ ಇಲ್ಲಿ ಬೇಡ.

ಒಮಿಕ್ರಾನ್ ಎನ್ನುವ ಹೆಸರು ಟಿ.ವಿ.ಯಲ್ಲಿ ಕೇಳತೊಡಗಿದ ಚಳಿಗಾಲ ಅದು. ಡೆಲ್ಟಾ ಇನ್ನೂ ಪೂರ್ತಿ ಹೋಗಿರಲಿಲ್ಲ. ನಮ್ಮ ಲ್ಯಾಬಿನ ಟೆಸ್ಟಿಗೆ ಎರಡೂ ಒಂದೇ, ವೈರಸ್ ಇದೆ ಅಥವಾ ಇಲ್ಲ. ಇದ್ದರೆ ಯಾವ ತಳಿ ಎಂದು ತಿಳಿಯಬೇಕಾದರೆ ಸ್ಯಾಂಪಲ್ ಚೆನ್ನೈಗೆ ಹೋಗಬೇಕಿತ್ತು. ಅಲ್ಲಿ ವೈರಸ್ಸಿನ ಇಡೀ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ರೋಗಿ ವಾಸಿಯಾಗಿ ಮನೆಗೆ ಹೋಗಿರುತ್ತಿದ್ದ, ಅಥವಾ ಹೋಗಿರುತ್ತಿರಲಿಲ್ಲ. ಧರ್ಮಪುರಿ ಕಡೆಯ ಐಸ್ ಪೆಟ್ಟಿಗೆಗಳು ಮಧ್ಯಾಹ್ನ ಬರುತ್ತಿದ್ದವು. ತೊಪ್ಪೂರು ಘಾಟಿನಲ್ಲಿ ಲಾರಿ ಮಗುಚಿದ ದಿನ ಸಂಜೆ ಬರುತ್ತಿದ್ದವು, ಐಸೆಲ್ಲ ನೀರಾಗಿ. ಆಗ ನಾವು ಪೆಟ್ಟಿಗೆಯನ್ನೂ ಘಾಟನ್ನೂ ಸೇರಿಸಿ ಬಯ್ಯುತ್ತಾ ಕೂರುತ್ತಿದ್ದೆವು.

ಆ ದಿನಗಳಲ್ಲಿ ಲ್ಯಾಬಿನವರಿಗೆಲ್ಲ ವಾರಕ್ಕೊಮ್ಮೆ ಟೆಸ್ಟ್ ಇತ್ತು. ಒಂದು ಸೋಮವಾರ ನನ್ನದು ಪಾಸಿಟಿವ್ ಬಂತು. ಗಂಟಲು ಸ್ವಲ್ಪ ಕೆರೆತ, ಅಷ್ಟೇ. ಮನೆಗೆ ಫೋನ್ ಮಾಡಿ, ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಚಾಪೆ ಹಾಸಿಡಲು ಹೇಳಿ, ಹಿಂದಿನ ಮೆಟ್ಟಿಲಿನಿಂದ ಹತ್ತಿ ಹೋಗಿ ಬಾಗಿಲು ಹಾಕಿಕೊಂಡೆ. ಅಮ್ಮ ತಟ್ಟೆ ತಂದು ಕೊನೆಯ ಮೆಟ್ಟಿಲ ಮೇಲಿಟ್ಟು ಇಳಿದು ಹೋದ ಮೇಲೆ ನಾನು ತೆಗೆದುಕೊಳ್ಳುತ್ತಿದ್ದೆ. ತಟ್ಟೆ ಬೇರೆ, ಲೋಟ ಬೇರೆ, ಬಚ್ಚಲು ಬೇರೆ. ಅಪ್ಪ ಅಮ್ಮನಿಗೆ ಮೊದಲಿನಿಂದಲೂ ನಾನೇ ಪಾಠ ಮಾಡಿದ್ದೆ. ಬಾಗಿಲ ಚಿಲಕ ಒರೆಸಿ, ಕೈ ತೊಳೆಯಿರಿ, ಮಾಸ್ಕ್ ಗದ್ದಕ್ಕಲ್ಲ ಮೂಗಿಗೆ ಹಾಕಿ ಎಂದು ದಿನಾ ತಲೆ ತಿನ್ನುತ್ತಿದ್ದೆ. ಮೇಸ್ಟ್ರಮ್ಮ ಬಂದಳು ನೋಡು ಎಂದು ಅಮ್ಮ ಅಪ್ಪನಿಗೆ ಕಣ್ಣು ಮಿಟುಕಿಸುತ್ತಿದ್ದಳು.

ಮಹಡಿಯ ಮೇಲೆ ಮಲಗಿ ಕೆಳಗಿನ ಮಗ್ಗದ ಸದ್ದು ಕೇಳುವುದೇ ನನ್ನ ಕೆಲಸವಾಯಿತು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಅಪ್ಪನ ಹೊಡೆತ, ಒಂದೇ ತೂಕದ್ದು. ಊಟವಾದ ಮೇಲೆ ಅಮ್ಮನದು, ಸ್ವಲ್ಪ ಅವಸರದ್ದು. ಒಂದೇ ಮಗ್ಗ, ಉದ್ದ ಎಳೆಗಳ ಒಂದೇ ಹಾಸು, ಇಬ್ಬರು ನೇಯುವವರು. ನಡುನಡುವೆ ಅಪ್ಪ ಕೆಮ್ಮುವುದೂ ಕೇಳುತ್ತಿತ್ತು. ಮಹಡಿಯಿಂದಲೇ ಕೂಗಿ ಕೇಳಿದೆ. ರೇಷ್ಮೆಯ ದೂಳು, ಬಿಡು ಎಂದ. ಅದು ನಾನು ಮೇಲೆ ಹತ್ತಿದ ಮೊದಲ ದಿನ. ಅದಕ್ಕೂ ಎರಡು ದಿನ ಮುಂಚೆಯೇ ಕೆಮ್ಮಿದ್ದ ಎನ್ನುವುದು ನನಗೆ ನೆನಪಿಗೆ ಬಂದದ್ದು ಎಷ್ಟೋ ಕಾಲದ ಮೇಲೆ. ನೇಕಾರರ ಮನೆಯಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಜ್ಜ ಕೆಮ್ಮಿದ, ಅಪ್ಪ ಕೆಮ್ಮುತ್ತಾನೆ, ಮಗ್ಗ ನಡೆಯುತ್ತದೆ.

ನಾಲ್ಕನೆಯ ದಿನ ಮಧ್ಯಾಹ್ನ ಮಗ್ಗದ ಸದ್ದು ಬರಲಿಲ್ಲ. ಅಮ್ಮನಿಗೆ ಜ್ವರ. ಲ್ಯಾಬಿನಿಂದ ನನ್ನ ಜೊತೆಯವಳೊಬ್ಬಳು ಬಂದು ಇಬ್ಬರ ಸ್ಯಾಂಪಲ್ಲೂ ತೆಗೆದಳು. ಇಬ್ಬರದೂ ಪಾಸಿಟಿವ್. ಅಪ್ಪನಿಗೆ ಕೆಮ್ಮು ಬಿಟ್ಟರೆ ಏನೂ ಇರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಲಸಿಕೆಯ ಎರಡನೆಯ ಸೂಜಿಯನ್ನು ನಾಳೆ ನಾಳೆ ಎಂದು ಮುಂದೂಡಿದ್ದಳು. ಆಸ್ಪತ್ರೆಗೆ ಹೋಗುವಾಗ ಮೇಲೆ ನೋಡಿ ಕೈ ಬೀಸಿದಳು, ಅಡುಗೆಮನೆಯ ಡಬ್ಬಿಯಲ್ಲಿ ಹುರಿಗಡಲೆ ಇದೆ ಎಂದಳು. ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ತೀರಿಕೊಂಡಳು. ನಾನು ಶೀಟಿನ ಕೋಣೆಯಿಂದ ಇಳಿದು ಮೂರು ದಿನವಾಗಿತ್ತು.

ಆ ದಿನಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ನನಗೆ ಅಳು ಬರಲಿಲ್ಲ. ಬರುತ್ತದೆ, ಬರುತ್ತದೆ ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನೂ ಕಾಯುತ್ತಿದ್ದೆ. ಹಲ್ಲು ಕೀಳಿಸುವ ಮುಂಚೆ ಸೂಜಿ ಕೊಟ್ಟಾಗ ದವಡೆ ಇರುತ್ತದಲ್ಲ, ಮುಟ್ಟಿದರೆ ಗೊತ್ತಾಗುತ್ತದೆ ಆದರೆ ನೋಯುವುದಿಲ್ಲ, ಹಾಗೆ ಇದ್ದೆ. ಹೊಟ್ಟೆ ಹಸಿಯುತ್ತಿತ್ತು, ಉಣ್ಣುತ್ತಿದ್ದೆ.

ನಲ್ಲಂಪಳ್ಳಿಯಿಂದ ಚಿಕ್ಕಮ್ಮ ಬಂದಳು, ಅಮ್ಮನ ತಂಗಿ. ಹೊಲಗದ್ದೆಯ ಮನೆಗೆ ಕೊಟ್ಟವಳು, ಮನಸ್ಸಿನಲ್ಲಿದ್ದದ್ದನ್ನು ನಾಲಗೆಯ ಮೇಲೆ ಇಟ್ಟುಕೊಂಡೇ ಓಡಾಡುವವಳು. ಹನ್ನೊಂದನೆಯ ದಿನ ಎಲ್ಲ ಮುಗಿದು ಪಾತ್ರೆ ತೊಳೆಯುವಾಗ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ದನಿ ಏರಿಸದೆ ಅಂದಳು:

"ನೀ ಲ್ಯಾಬ್ನಿಂದ ಒತ್ಕೊಂಡು ಬಂದೆ, ಅವ್ಳು ಒಂಟೋದ್ಲು. ನಿನ್ನ ಬೈಯಾಕಿಲ್ಲ ಕಣೆ. ಆದ್ರೆ ಅದು ಅಂಗೇ ತಾನೆ?"

ಹೌದು ಎಂದೆ. ಬೇರೆ ಏನು ಹೇಳಲಿ? ಲೆಕ್ಕ ಸರಿಯಾಗಿಯೇ ಇತ್ತು. ದಿನಕ್ಕೆ ನೂರಾರು ಸ್ಯಾಂಪಲ್ ಮುಟ್ಟುವವಳು ನಾನು, ಮನೆಯಲ್ಲಿ ಮೊದಲು ಪಾಸಿಟಿವ್ ಆದವಳು ನಾನು, ನಾಲ್ಕು ದಿನಕ್ಕೆ ಅಮ್ಮನಿಗೆ ಜ್ವರ. ಬೀದಿಯವರೂ ಹಾಗೇ ಅಂದುಕೊಂಡರು, ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಅಲ್ಲೇ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದ. ಚಿಕ್ಕಮ್ಮನ ಮಾತು ಅವನಿಗೆ ಕೇಳಿಸಿತ್ತು. ನನ್ನನ್ನು ಬಯ್ಯದಿರುವುದೇ ಅವನ ದೊಡ್ಡತನ ಎಂದು ಆಗ ಅಂದುಕೊಂಡೆ.

ಕೆಲಸಕ್ಕೆ ಮರಳಿದ ದಿನ ನನಗೆ ಸಿಕ್ಕಿದ್ದು ಬಾಕಿ ಬಿದ್ದಿದ್ದ ಪಾಸಿಟಿವ್ ಸ್ಯಾಂಪಲ್ಲುಗಳ ರಾಶಿ. ಒಂದೊಂದರಿಂದ ಒಂದು ಪಾಲನ್ನು ಸಣ್ಣ ಟ್ಯೂಬಿಗೆ ಹಾಕಿ, ನಂಬರು ಬರೆದು, ಮೈನಸ್ ಎಂಬತ್ತಕ್ಕೆ ಸೇರಿಸಬೇಕು. ಅಮ್ಮನ ನಂಬರು ನನಗೆ ಬಾಯಿಪಾಠವಾಗಿತ್ತು. ಅಪ್ಪನದು ಅದರ ಮುಂದಿನದು. ನನ್ನದು ಇನ್ನೊಂದು ಡಬ್ಬಿಯಲ್ಲಿ. ಮೂರನ್ನೂ ಎಲ್ಲದರ ಹಾಗೆ ಬರೆದೆ, ಮುಚ್ಚಿದೆ, ಇಟ್ಟೆ. ಅಮ್ಮನ ಟ್ಯೂಬಿನ ಮುಚ್ಚಳವನ್ನು ಸರಿಯಾಗಿ ತಿರುಗಿಸಿದ್ದೇನೆಯೇ ಎಂದು ಇನ್ನೊಂದು ಸಲ ನೋಡಿದೆ, ಅಷ್ಟೇ.

ಮನೆಯಲ್ಲಿ ಮಗ್ಗ ನಿಂತಿತ್ತು. ಅರ್ಧ ನೇಯ್ದ ಪಂಚೆ ಅದರ ಮೇಲೆಯೇ ಇತ್ತು, ಅಮ್ಮ ಎದ್ದು ಹೋದ ಕಡೆಗೇ ನಿಂತ ಬಟ್ಟೆ. ಅಪ್ಪ ಅದನ್ನು ಮುಂದುವರಿಸಲೂ ಇಲ್ಲ, ಕತ್ತರಿಸಿ ತೆಗೆಯಲೂ ಇಲ್ಲ. ಹಾಸು ಮಗ್ಗದ ಮೇಲೆ ಇಷ್ಟು ದಿನ ಸುಮ್ಮನೆ ಇರಬಾರದು, ಎಳೆಯ ಬಿಗಿ ಹೋಗುತ್ತದೆ, ನನಗೂ ಅಷ್ಟು ಗೊತ್ತು. ಅಪ್ಪ ಅದರ ಮೇಲೊಂದು ಹಳೆಯ ಸೀರೆ ಹೊದಿಸಿ, ಬೇರೆಯವರ ಮನೆಗೆ ಕೂಲಿ ನೇಯಲು ಹೋಗತೊಡಗಿದ. ಮನೆಯಲ್ಲಿದ್ದಾಗ ಬಾಗಿಲ ಬಳಿ ಕೂತು ಬೀದಿ ನೋಡುತ್ತಿದ್ದ. ನಾನು ಅಡುಗೆ ಮಾಡುತ್ತಿದ್ದೆ, ಅವನು ಉಪ್ಪು ಕಡಿಮೆ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತು ನಮಗೆ ಬೇಕಾಗುತ್ತಿರಲಿಲ್ಲ.

ಏಳು ತಿಂಗಳು ಕಳೆದ ಮೇಲೆ ಲ್ಯಾಬಿಗೆ ಹೊಸ ಕಿಟ್ ಬಂತು. ತಳಿಯನ್ನು ಎರಡೇ ಗಂಟೆಯಲ್ಲಿ ಗುರುತಿಸುವ ಕಿಟ್, ಚೆನ್ನೈಗೆ ಕಳುಹಿಸಿ ಕಾಯಬೇಕಿಲ್ಲ. ಇಡೀ ಜೀನೋಮನ್ನು ಅದು ಓದುವುದಿಲ್ಲ. ವೈರಸ್ಸಿನ ಮೂರು ಜಾಗಗಳನ್ನು ಮಾತ್ರ ಹುಡುಕುತ್ತದೆ. ಜಾಗ ಸಿಕ್ಕರೆ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ಗೆರೆಯೊಂದು ಮೇಲೇಳುತ್ತದೆ. ಡೆಲ್ಟಾ ಆದರೆ ಮೂರೂ ಗೆರೆ ಏಳುತ್ತವೆ. ಆ ಚಳಿಗಾಲದ ಒಮಿಕ್ರಾನ್ ಆದರೆ ಮೂರನೆಯ ಗೆರೆ ಏಳುವುದಿಲ್ಲ, ಯಾಕೆಂದರೆ ಆ ಜಾಗದ ಕೆಲವು ಅಕ್ಷರಗಳನ್ನು ಅದು ಕಳೆದುಕೊಂಡಿದೆ. ಒಂದು ಎಳೆ ತಪ್ಪಿದರೆ ಬಟ್ಟೆಯುದ್ದಕ್ಕೂ ಸಂದು ಕಾಣುತ್ತದಲ್ಲ, ಇಲ್ಲದ ಎಳೆಯೇ ಅಲ್ಲಿ ಗುರುತು. ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಇದನ್ನು ವಿವರಿಸುವಾಗ ಎಲ್ಲರಿಗಿಂತ ಮೊದಲು ನನಗೆ ಅರ್ಥವಾದದ್ದು ಹೀಗೆ.

ಹೊಸ ಕಿಟ್ ಬಂದರೆ ಹಳೆಯ ಸ್ಯಾಂಪಲ್ಲುಗಳ ಮೇಲೆ ಓಡಿಸಿ ನೋಡುವುದು ವಾಡಿಕೆ. ಎರಡೂ ತಳಿ ಒಟ್ಟಿಗೆ ಓಡಾಡುತ್ತಿದ್ದ ವಾರಗಳದ್ದಾದರೆ ಒಳ್ಳೆಯದು. ಮೇಡಂ ಪಟ್ಟಿ ಮಾಡಿ ಕೊಟ್ಟರು. ಮೊದಲ ಹಾಳೆಯಲ್ಲೇ ಅಮ್ಮನ ನಂಬರು, ಅಪ್ಪನ ನಂಬರು. ಸಿಬ್ಬಂದಿಯ ಹಾಳೆಯಲ್ಲಿ ನನ್ನದು. ಮೇಡಂಗೆ ನಂಬರಿನ ಹಿಂದೆ ಯಾರಿದ್ದಾರೆ ಎಂದು ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಕನ್ನಡಕ ತೆಗೆದು, ತಮಿಳಿನಲ್ಲಿ, ಆ ಟೆಸ್ಟನ್ನು ಬೇರೆಯವರು ಮಾಡಲಿ, ಇಲ್ಲವೇ ಆ ಮೂರನ್ನು ಬಿಟ್ಟುಬಿಡೋಣ ಎಂದರು. ಬೇಡ ಮೇಡಂ, ನಾನೇ ಮಾಡುತ್ತೇನೆ ಎಂದೆ. ಯಾಕೆ ಹಾಗೆ ಹೇಳಿದೆನೋ. ತಿಳಿಯಬೇಕು ಎನ್ನುವ ಆಸೆಯೂ ಇರಲಿಲ್ಲ, ನನ್ನ ಪ್ರಕಾರ ಆಗಲೇ ತಿಳಿದಿತ್ತು. ಮೂರೂ ಒಂದೇ ಬರುತ್ತವೆ, ಬಂದರೆ ಮುಗಿಯಿತು ಎಂದುಕೊಂಡೆ.

ಅವತ್ತು ಸಂಜೆ ಊಟಕ್ಕೆ ಕೂತಾಗ, ಮಾತಿಗೆ ಮಾತು ಎಂಬಂತೆ, ಅಪ್ಪನಿಗೂ ಹೇಳಿದೆ. ಹೀಗೊಂದು ಕಿಟ್ ಬಂದಿದೆ, ಹಳೆಯದನ್ನೆಲ್ಲ ನೋಡುತ್ತೇವೆ, ನಮ್ಮ ಮೂವರದೂ ಇದೆ, ಯಾರದು ಯಾವ ತಳಿ ಎಂದು ಗೊತ್ತಾಗುತ್ತದೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ. ಆಮೇಲೆ ಮತ್ತೆ ಕಲಸಿದ. ಉಪ್ಪಿನ ಮಾತು ಅವತ್ತು ಬರಲಿಲ್ಲ.

ಪ್ಲೇಟ್ ಹಾಕಿದ್ದು ಒಂದು ಬುಧವಾರ. ತೊಂಬತ್ತಾರು ಗುಳಿಯ ಪ್ಲಾಸ್ಟಿಕ್ ತಟ್ಟೆ, ಗುಳಿಗೊಂದು ಸ್ಯಾಂಪಲ್ಲು. ಅಮ್ಮನ ಟ್ಯೂಬು ಕರಗಲು ನಾಲ್ಕು ನಿಮಿಷ ಹಿಡಿಯಿತು, ಕೈಯಲ್ಲಿ ಹಿಡಿದರೆ ಬೇಗ ಕರಗುತ್ತದೆ, ಆದರೆ ಹಾಗೆ ಮಾಡಬಾರದು, ಮಾಡಲಿಲ್ಲ. ಮೆಷಿನ್ನಿಗೆ ಹಾಕಿ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಟೀ ಕುಡಿದು ಬರುತ್ತೇವೆ.

ಗೆರೆಗಳ ಲೆಕ್ಕದಲ್ಲಿ ಒಂದನ್ನು ಹೇಳುವುದು ಬಿಟ್ಟಿದ್ದೆ. ವೈರಸ್ಸಿನ ಮೂರು ಗೆರೆಯ ಜೊತೆಗೆ ನಾಲ್ಕನೆಯದೊಂದು ಇದೆ. ಅದು ವೈರಸ್ಸಿನದಲ್ಲ, ಮನುಷ್ಯನದು. ಕಡ್ಡಿಯಲ್ಲಿ ನಿಜವಾಗಿ ಮೂಗಿನೊಳಗಿನ ಜೀವಕೋಶ ಬಂದಿದೆಯೇ, ಇಲ್ಲ ಸುಮ್ಮನೆ ಗಾಳಿಯಲ್ಲಿ ಆಡಿಸಿದ್ದಾರೆಯೇ ಎಂದು ನೋಡಲು. ಅದನ್ನು ನಾವ್ಯಾರೂ ಗಮನ ಕೊಟ್ಟು ನೋಡುವುದಿಲ್ಲ, ಎದ್ದರೆ ಸರಿ, ಏಳದಿದ್ದರೆ ಮತ್ತೆ ಸ್ಯಾಂಪಲ್ ಕೇಳುತ್ತೇವೆ. ಅವತ್ತು ಕಂಪ್ಯೂಟರಿನಲ್ಲಿ ಅಮ್ಮನ ಗುಳಿಯನ್ನು ಒತ್ತಿದಾಗ ಮೊದಲು ಎದ್ದದ್ದು ಆ ನಾಲ್ಕನೆಯ ಗೆರೆ. ಅಮ್ಮನದು, ಅಮ್ಮನ ಮೈಯದು. ಸುಟ್ಟು ಏಳು ತಿಂಗಳಾದ ಮೇಲೆ, ಚೌಕುಳಿ ಹಾಕಿದ ಪರದೆಯ ಮೇಲೆ, ಬದುಕಿರುವವರ ಗೆರೆಯ ಹಾಗೇ ಚೆನ್ನಾಗಿ ಏರಿ ನಿಂತಿತು. ನಾನು ಅದನ್ನು ನೋಡುತ್ತಾ ಕೂತೆ. ಆಗಲೂ ಏನೂ ಆಗಲಿಲ್ಲ. ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಅಮ್ಮನದು ಮೂರೂ ಗೆರೆ ಎದ್ದವು. ಅಪ್ಪನದೂ ಮೂರೂ. ನನ್ನದರಲ್ಲಿ ಎರಡು ಎದ್ದು ಮೂರನೆಯದು ಕೊನೆಯವರೆಗೂ ನೆಲಕ್ಕೆ ಅಂಟಿಕೊಂಡೇ ಇತ್ತು.

ಇನ್ನೊಮ್ಮೆ ಹಾಕಿದೆ. ಅದೇ ಬಂತು. ಮೇಡಂ ನೋಡಿದರು. ಅಮ್ಮ ಅಪ್ಪನದು ಡೆಲ್ಟಾ, ನಿನ್ನದು ಒಮಿಕ್ರಾನ್, ನಿನ್ನಿಂದ ಅವರಿಗೆ ಹೋಗಿರಲು ಸಾಧ್ಯವಿಲ್ಲ ಎಂದರು. ಇಷ್ಟು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಕೊರಗಿದೆಯಾ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಕೊರಗಿದೆನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹೌದು ಮೇಡಂ ಎಂದೆ, ಅವರು ಕೈ ತೆಗೆಯಲಿ ಎಂದು.

ಮೆಷಿನ್ ಹೇಳುವುದು ಅಷ್ಟೇ, ಯಾವ ತಳಿ ಎಂದು. ಯಾರಿಂದ ಯಾರಿಗೆ ಎಂದು ಹೇಳುವುದಿಲ್ಲ. ಅದನ್ನು ನಾನೇ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಕೂಡಿಸಿದೆ. ಅಪ್ಪನ ಕೆಮ್ಮು ಮೊದಲು. ಅದಕ್ಕೂ ಮುಂಚಿನ ವಾರ ಅವನು ಪಾಪಿರೆಡ್ಡಿಪಟ್ಟಿಯ ಮದುವೆ ಮನೆಯೊಂದಕ್ಕೆ ಪಂಚೆ ಕೊಡಲು ಹೋಗಿ ಊಟ ಮಾಡಿಕೊಂಡು ಬಂದಿದ್ದ. ಸರಿ. ಆದರೆ ನಾನು ಪಾಠ ಮಾಡಿ ಮಾಡಿ ಇಬ್ಬರನ್ನೂ ಮನೆಯೊಳಗೂ ದೂರದೂರ ಕೂರಿಸಿದ್ದೆ. ಅಪ್ಪ ಜಗುಲಿಯಲ್ಲಿ ಮಲಗುತ್ತಿದ್ದ. ಒಂದೇ ತಟ್ಟೆ ಲೋಟ ಇರಲಿಲ್ಲ. ಇಬ್ಬರೂ ಮುಟ್ಟುತ್ತಿದ್ದದ್ದು ಯಾವುದು?

ಬಸ್ಸು ಇಳಿಯುವ ಹೊತ್ತಿಗೆ ಹೊಳೆಯಿತು. ನಾಡಾ.

ಮಗ್ಗದಲ್ಲಿ ಅಡ್ಡ ದಾರ ಹೊತ್ತು ಓಡುವ ಲಾಳಿಗೆ ನಮ್ಮಲ್ಲಿ ತಮಿಳರ ಹಾಗೆ ನಾಡಾ ಎನ್ನುತ್ತಾರೆ. ದಾರ ಸುತ್ತಿದ ಕಂಡಿಕೆಯನ್ನು ಅದರ ಹೊಟ್ಟೆಯಲ್ಲಿಟ್ಟು, ದಾರದ ತುದಿಯನ್ನು ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಬೆರಳು ಹೋಗುವ ತೂತಲ್ಲ ಅದು. ಹೊರಗಿನಿಂದ ತೂತಿಗೆ ತುಟಿಯಿಟ್ಟು ಜೋರಾಗಿ ಉಸಿರೆಳೆದರೆ ದಾರ ಪಟ್ಟನೆ ಬಂದು ನಾಲಗೆಗೆ ತಾಗುತ್ತದೆ. ಕಂಡಿಕೆ ಮುಗಿದಾಗಲೆಲ್ಲ ಹೀಗೆ, ದಿನಕ್ಕೆ ಎಷ್ಟು ಸಲವೋ. ಚಿಕ್ಕವಳಿದ್ದಾಗ ಅಪ್ಪ ನನಗೂ ಕಲಿಸಿದ್ದ. ಮರ, ಎಣ್ಣೆ, ಗಂಜಿಯ ರುಚಿ ಈಗಲೂ ನಾಲಗೆಯ ಮೇಲಿದೆ. ಮಧ್ಯಾಹ್ನ ಅಪ್ಪ ಎದ್ದು, ಮಾಸ್ಕ್ ಸರಿಮಾಡಿಕೊಂಡು, ಕೈ ತೊಳೆದು ದೂರ ಹೋಗುತ್ತಿದ್ದ. ಅಮ್ಮ ಕೈ ತೊಳೆದು ಬಂದು ಕೂತು, ಮಾಸ್ಕ್ ಗದ್ದಕ್ಕೆ ಎಳೆದು, ಅದೇ ನಾಡಾಕ್ಕೆ ಬಾಯಿಡುತ್ತಿದ್ದಳು. ನಾನು ಚಿಲಕ ಒರೆಸಿದೆ, ನಲ್ಲಿ ಒರೆಸಿದೆ, ಫೋನು ಒರೆಸಿದೆ. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ನಾಡಾ ಕಣ್ಣಿಗೇ ಬೀಳಲಿಲ್ಲ. ಹೊರಗಿನವರು ಯಾರಾದರೂ ಬಂದು ಅರ್ಧ ಗಂಟೆ ಮಗ್ಗದ ಪಕ್ಕ ನಿಂತಿದ್ದರೆ ಇದೇನ್ರಿ ಎಂದು ಕೇಳುತ್ತಿದ್ದರು.

ಇದೇ ದಾರಿಯಲ್ಲಿ ಹೋಯಿತು ಎಂದು ಆಣೆ ಮಾಡಿ ಹೇಳಲಾರೆ. ಒಂದು ಮನೆ ಎಂದ ಮೇಲೆ ಗಾಳಿಯೂ ಒಂದೇ. ಆದರೆ ನನಗೆ ಅನುಮಾನ ಉಳಿಯಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಮೇಡಂಗೂ ಸಹ. ಮನೆಗೆ ಹೋಗಿ ಅಪ್ಪನಿಗೆ ಏನು ಹೇಳಲಿ? ನನ್ನಿಂದ ಬರಲಿಲ್ಲ ಎಂದರೆ ನಿನ್ನಿಂದ ಬಂತು ಎಂದೇ ಅರ್ಥ. ಬೇರೆ ಯಾರೂ ಆ ಮನೆಯಲ್ಲಿರಲಿಲ್ಲ. ನಾನಾದರೆ ಈ ಭಾರ ಹೊತ್ತು ಏಳು ತಿಂಗಳಾಗಿತ್ತು, ಅಭ್ಯಾಸವಾಗಿತ್ತು. ಅಪ್ಪನಿಗೆ ಅರವತ್ತೆಂಟು. ಹೆಂಡತಿ ಇಲ್ಲ, ಮಗ್ಗ ಇಲ್ಲ, ಇದನ್ನೂ ಕೊಟ್ಟರೆ ಎಲ್ಲಿ ಇಟ್ಟುಕೊಳ್ಳುತ್ತಾನೆ ಎಂದು ಯೋಚಿಸಿದೆ. ಯೋಚಿಸಿದ್ದು ಕರುಣೆಯಿಂದಲ್ಲ. ಟ್ಯೂಬನ್ನು ಯಾವ ಖಾನೆಯಲ್ಲಿಡಲಿ ಎಂದು ನೋಡುವ ಹಾಗೆ ನೋಡಿದೆ, ಅಷ್ಟೇ.

ಅಪ್ಪ ಕೇಳಲಿಲ್ಲ. ಒಂದು ವಾರ, ಎರಡು ವಾರ. ನಾನೂ ಹೇಳಲಿಲ್ಲ. ಮೂರನೆಯ ಭಾನುವಾರ ಚಿಕ್ಕಮ್ಮ ನಲ್ಲಂಪಳ್ಳಿಯಿಂದ ಬಸ್ಸಿನಲ್ಲಿ ಚೀಲದ ತುಂಬಾ ಹಸಿ ಕಡಲೆಕಾಯಿ ಹೊತ್ತು ಬಂದಳು. ಮೂವರೂ ನಡುಮನೆಯಲ್ಲಿ ಮುಸುಕು ಹೊದ್ದ ಮಗ್ಗದ ಪಕ್ಕ ಕೂತು ಬಿಡಿಸುತ್ತಿದ್ದೆವು. ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಒಡೆಯದೆ ಹಿಡಿದುಕೊಂಡು ಕೇಳಿದ:

"ಅಮ್ಮಣಿ, ಆ ಟೆಸ್ಟು ಏನಾಯ್ತು? ಅವ್ಳುದೂ ನಿಂದೂ ಒಂದೇನಾ?"

ಇಷ್ಟು ದಿನ ಬಿಟ್ಟು ಚಿಕ್ಕಮ್ಮನ ಎದುರಿಗೇ ಯಾಕೆ ಕೇಳಿದನೋ. ಚಿಕ್ಕಮ್ಮ ತಲೆಯೆತ್ತಿ ನೋಡಿದಳು.

"ಒಂದೇ ಅಪ್ಪ," ಎಂದೆ.

"ನಂದು?"

"ನಿಂದೂ ಅದೇ. ಎಲ್ಲಾ ನಂದೇ."

ಹನ್ನೆರಡು ವರ್ಷದಲ್ಲಿ ನಾನು ಬದಲಾಯಿಸಿದ ರಿಸಲ್ಟ್ ಅದೊಂದೇ, ಅದೂ ಬಾಯಿಮಾತಿನಲ್ಲಿ. ಚಿಕ್ಕಮ್ಮ ನಿಟ್ಟುಸಿರುಬಿಟ್ಟು, ಅದೇ ತಾನೆ ನಾನು ಅಂದದ್ದು, ಮೆಷಿನ್ನೂ ಅದೇ ಹೇಳಿತಲ್ಲ ಎಂದು ಮತ್ತೆ ಬಿಡಿಸತೊಡಗಿದಳು. ಅಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಕಾಯಿ ಒಡೆದು ಬೀಜವನ್ನು ತಟ್ಟೆಗೆ ಹಾಕಿದ. ಸಂಜೆಯ ಬಸ್ಸಿಗೆ ಚಿಕ್ಕಮ್ಮನನ್ನು ಹತ್ತಿಸಿ ಬಂದ.

ಮರುದಿನ ಬೆಳಿಗ್ಗೆ ಮಗ್ಗದ ಸದ್ದಿಗೆ ಎಚ್ಚರವಾಯಿತು. ಮೊದಲು ಅಮ್ಮ ಎಂದುಕೊಂಡೆ, ಅಮ್ಮ ಬೆಳಿಗ್ಗೆ ನೇಯುವುದಿಲ್ಲ ಎಂದು ಆಮೇಲೆ ನೆನಪಾಯಿತು. ಕಾಫಿ ಮಾಡಿಕೊಂಡು ಹೋದೆ. ಸೀರೆ ಮಡಿಸಿ ಪಕ್ಕಕ್ಕಿಟ್ಟು, ಸಡಿಲವಾದ ಹಾಸನ್ನು ಬಿಗಿ ಮಾಡಿಕೊಂಡು ಅಪ್ಪ ಕೂತಿದ್ದ. ಅಮ್ಮ ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಆಗಲೇ ಎರಡು ಬೆರಳಿನಷ್ಟು ಬಟ್ಟೆ ಬೆಳೆದಿತ್ತು. ಲೋಟ ಇಡುವ ಹೊತ್ತಿಗೆ ಕಂಡಿಕೆ ಮುಗಿಯಿತು. ಅಪ್ಪ ನಾಡಾ ಕೈಗೆತ್ತಿಕೊಂಡ, ಹೊಸ ಕಂಡಿಕೆ ಕೂರಿಸಿದ. ನಾನು ಅಲ್ಲೇ ನಿಂತು ನೋಡುತ್ತಿದ್ದೆ.

ಬಾಯಿಡಲಿಲ್ಲ. ಕೂರುವ ಹಲಗೆಯ ಕೆಳಗೆ ಕೈ ಹಾಕಿ ಏನನ್ನೋ ಎಳೆದ. ಕೊಡೆಯ ಕಡ್ಡಿಯನ್ನು ಕತ್ತರಿಸಿ, ತುದಿ ತೆಳ್ಳಗೆ ತೀಡಿ ಬಗ್ಗಿಸಿ ಮಾಡಿದ ಕೊಕ್ಕೆ. ಹಿಡಿಗೆ ರೇಷ್ಮೆ ದಾರ ಒತ್ತಾಗಿ ಸುತ್ತಿತ್ತು. ಮೇಲೆಲ್ಲ ದೂಳು ಕೂತಿತ್ತು, ನಿನ್ನೆ ಮೊನ್ನೆಯದಲ್ಲ, ತಿಂಗಳುಗಳದ್ದು. ಬನಿಯನ್ನಿಗೆ ಒರೆಸಿಕೊಂಡು, ತೂತಿನೊಳಗೆ ತೂರಿಸಿ, ದಾರವನ್ನು ಹೊರಗೆಳೆದ.

ನಾಡಾದ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಅಪ್ಪನಿಗೆ ಮೆಷಿನ್ನಿಗಿಂತ ಮೊದಲೇ ಗೊತ್ತಿತ್ತು. ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದಾಗಲೂ ಗೊತ್ತಿತ್ತು, ನಿನ್ನೆ ಕಡಲೆಕಾಯಿ ಬಿಡಿಸುವಾಗಲೂ. ಗೊತ್ತಿದ್ದೇ ಕೇಳಿದ್ದ, ಸುಳ್ಳು ಎಂದು ತಿಳಿದೇ ನನ್ನ ಉತ್ತರವನ್ನು ತೆಗೆದುಕೊಂಡಿದ್ದ. ಸಿಟ್ಟು ಬಂತು. ಏಳು ತಿಂಗಳಲ್ಲಿ ನನಗೆ ಬಂದ ಮೊದಲ ಭಾವನೆ ಅದು, ಕಾದ ಹೆಂಚು ಮುಟ್ಟಿದ ಹಾಗೆ ಬಂತು. ಏಳು ತಿಂಗಳು ನನ್ನ ಮೇಲೆ ಬಿಟ್ಟೆಯಲ್ಲ ಎಂದು ಕೇಳಲು ಬಾಯಿ ತೆರೆದೆ.

ಅಪ್ಪ ಮತ್ತೆ ಹಲಗೆಯ ಕೆಳಗೆ ಕೈ ಹಾಕಿ ಇನ್ನೊಂದು ಕೊಕ್ಕೆ ತೆಗೆದ. ಮೊದಲನೆಯದಕ್ಕಿಂತ ಗಿಡ್ಡ, ಸಣ್ಣ ಕೈಗೆ ಮಾಡಿದ್ದು. ಹಿಡಿಗೆ ಕೆಂಪು ದಾರ.

"ಅವ್ಳು ಆಸ್ಪತ್ರೇಲಿ ಇದ್ದಾಗ ಮಾಡ್ದೆ," ಎಂದ, ನನ್ನ ಕಡೆ ತಿರುಗದೆ. "ಬಂದ್ಮ್ಯಾಕೆ ಇನ್ನು ಬಾಯಿ ಇಡಬ್ಯಾಡ ಅಂತ ಏಳಾನಾ ಅಂತ."

ಅದನ್ನು ನನ್ನ ಕಡೆ ಚಾಚಿದ. ನಾನು ಮಗ್ಗಕ್ಕೆ ಕೂರುವವಳಲ್ಲ, ಅದು ಅವನಿಗೂ ಗೊತ್ತು. ತೆಗೆದುಕೊಂಡೆ. ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ನೆಲದ ಮೇಲೆ ಕೂತೆ. ಅಳು ಆಗ ಬಂತು, ನಿಲ್ಲಿಸಲಾಗದ ಹಾಗೆ. ಅಪ್ಪ ನೇಯುವುದನ್ನು ನಿಲ್ಲಿಸಲಿಲ್ಲ.

ಚಿಕ್ಕಮ್ಮನಿಗೆ ಇವತ್ತಿಗೂ ನಾನು ಹೇಳಿಲ್ಲ. ಅಪ್ಪನೂ ಹೇಳಿಲ್ಲ.